ಎಡಗಡೆಯ ಉಸಿರು

ಎಲ್ಲಿ ನೀರು ಕಂಡರೂ ಅದರ ಉದ್ದ ಅಳೆಯುವ ಒಂದು ಕೆಟ್ಟ ಚಟ ನನಗಿದೆ. ಮಧೂರಿಗೆ ಹೋದರೆ ಜೊತೆಗೆ ಬಂದವರೆಲ್ಲ ದೇವರಿಗೆ ಕೈಮುಗಿದು ಅಪ್ಪದ ಪ್ರಸಾದಕ್ಕೆ ಸಾಲು ನಿಲ್ಲುತ್ತಾರೆ. ನಾನು ಮಾತ್ರ ಪಕ್ಕದ ಮಧುವಾಹಿನಿ ಹೊಳೆಯ ಕಡೆಗೆ ಕತ್ತು ತಿರುಗಿಸಿ, ಈ ದಡದಿಂದ ಆ ದಡಕ್ಕೆ ಎಷ್ಟು ಸಲ ಕೈ ಬೀಸಬೇಕಾದೀತು ಎಂದು ಲೆಕ್ಕ ಹಾಕುತ್ತಿರುತ್ತೇನೆ. ಮದುವೆಯಾದ ಹೊಸತರಲ್ಲಿ ನಮ್ಮ ಅತ್ತೆ ತುಂಬ ಹೆಮ್ಮೆಯಿಂದ ಮನೆಯ ಬಾವಿ ತೋರಿಸಿ, ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದರು. ನಾನು ಬಗ್ಗಿ ನೋಡಿ, ಇದರಲ್ಲಿ ತಿರುಗುವುದಕ್ಕೂ ಜಾಗವಿಲ್ಲವಲ್ಲ ಎಂದುಬಿಟ್ಟೆ. ಸೊಸೆ ಬಂದ ವಾರದಲ್ಲೇ ಬಾವಿಗೆ ಇಳಿಯುವ ಮಾತಾಡುತ್ತಾಳೆ ಎಂದು ಅವರು ಎರಡು ದಿನ ನೀರು ಸೇದಲು ನನ್ನನ್ನು ಕಳಿಸಲಿಲ್ಲ.

ಚಟಕ್ಕೆ ಕಾರಣವಿದೆ. ನಾನು ಸ್ಪರ್ಧೆಯಲ್ಲಿ ಈಜುವವಳು. ಈಜುತ್ತಿದ್ದವಳು ಎಂದು ಹೇಳಿಕೊಳ್ಳಬೇಕಾದ ವಯಸ್ಸು ಬಂದಿದ್ದರೂ ಬಿಟ್ಟಿಲ್ಲ. ಈಜಿನ ಲೋಕದಲ್ಲಿ ಇಪ್ಪತ್ತೈದು ದಾಟಿದರೆ ಸಾಕು, ಹಿರಿಯರ ವಿಭಾಗಕ್ಕೆ ದಬ್ಬುತ್ತಾರೆ. ಹಾಗಾಗಿ ಮೂವತ್ತಮೂರರ ನಾನು ಎಂಟು ವರ್ಷದಿಂದ ಹಿರಿಯಳು. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿ ಮಗ್ಗಿ ಹೇಳಿಕೊಟ್ಟು, ರಜೆಯ ದಿನ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಮೀಟ್ ಎಂದು ಕರೆಯುವ ಸ್ಪರ್ಧೆಗಳ ಕಾಲ ಬಂದಾಗ ಚೀಲ ಹೆಗಲಿಗೇರಿಸಿ ಹೊರಡುತ್ತೇನೆ. ಗೆದ್ದದ್ದು ಕಡಿಮೆ. ಆದರೆ ನಮ್ಮ ವಿಭಾಗದಲ್ಲಿ ಕೆಲವೊಮ್ಮೆ ಮೂರೇ ಜನ ಇರುವುದರಿಂದ ಮನೆಯ ಗಾಜಿನ ಕಪಾಟಿನಲ್ಲಿ ಕಂಚಿನ ಪದಕಗಳಿಗೆ ಬರವಿಲ್ಲ.

ತುಳುವಿನವರು ಈಜುವುದಕ್ಕೆ ನೀಂದುನಿ ಎನ್ನುತ್ತಾರೆ, ಮಲಯಾಳದವರು ನೀಂದಲ್ ಎನ್ನುತ್ತಾರೆ. ನಾವು ಕನ್ನಡದವರು ಮಾತ್ರ ಆ 'ನ'ಕಾರವನ್ನು ಯಾವುದೋ ಹೊಳೆಯಲ್ಲಿ ಬಿಟ್ಟು ಹಗುರಾಗಿ ದಡ ಸೇರಿದೆವು. ಮೂರು ಮಾತೂ ಕಿವಿಗೆ ಬೀಳುವ ಕಾಸರಗೋಡಿನಲ್ಲಿ ನೀರಿಗೆ ಮಾತ್ರ ಯಾವ ಭಾಷೆಯ ಹಂಗೂ ಇಲ್ಲ. ಉಸಿರು ತೆಗೆಯುವಾಗ ಬಾಯಿಗೆ ನೀರು ಹೋದರೆ ಎಲ್ಲರೂ ಒಂದೇ ರೀತಿ ಕೆಮ್ಮುತ್ತಾರೆ.

ನನಗೆ ಈಜು ಕಲಿಸಿದವರು ನಮ್ಮ ಶಾಲೆಯ ಡ್ರಿಲ್ ಮಾಸ್ಟ್ರು ಐತಪ್ಪನವರು. ಬೆಳ್ಳೂರಿನ ಕಡೆಯ ಆ ಶಾಲೆಗೆ ಆಟದ ಬಯಲು ಎಂಬುದು ಕಾಗದದ ಮೇಲಷ್ಟೇ ಇತ್ತು. ನಿಜದಲ್ಲಿ ಇದ್ದದ್ದು ಗುಡ್ಡದ ಇಳಿಜಾರು. ಒಮ್ಮೆ ಚೆಂಡು ಒದ್ದರೆ ಅದನ್ನು ಕೆಳಗಿನಿಂದ ಹೊತ್ತು ತರುವಷ್ಟರಲ್ಲಿ ಪಿರಿಯಡ್ ಮುಗಿಯುತ್ತಿತ್ತು. ಗುಡ್ಡದ ಬುಡದಲ್ಲಿ ಕೆಂಪುಕಲ್ಲಿನ ಮೆಟ್ಟಿಲುಗಳಿದ್ದ ದೊಡ್ಡ ಕೆರೆಯಿತ್ತು. ಮಾಸ್ಟ್ರು ಚೆಂಡಿನ ಹಿಂದೆ ಓಡುವುದನ್ನು ಬಿಟ್ಟು ನಮ್ಮನ್ನೆಲ್ಲ ಆ ಕೆರೆಗೆ ಇಳಿಸಿದರು. ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಜೋಡಿಸಿ ಎದೆಯ ಕೆಳಗೆ ಕಟ್ಟಿಕೊಂಡು ನಾವು ತೇಲಲು ಕಲಿತೆವು. ಮೊದಲ ತಿಂಗಳು ಎರಡು ಕಾಯಿ, ಎರಡನೆಯ ತಿಂಗಳು ಒಂದೇ ಕಾಯಿ, ಮೂರನೆಯ ತಿಂಗಳು ದೇವರೇ ಗತಿ.

ಮಾಸ್ಟ್ರಿಗೆ ವೇಗದ ಹುಚ್ಚು ಇರಲಿಲ್ಲ. ಅವರ ತಮ್ಮ ಚಿಕ್ಕವನಿದ್ದಾಗ ಹೊಳೆಯಲ್ಲಿ ಮುಳುಗಿ ತೀರಿಕೊಂಡಿದ್ದನಂತೆ. ಜೊತೆಯ ಹುಡುಗರು ನಾಲ್ಕು ಮಾರು ದೂರದಲ್ಲೇ ಆಡುತ್ತಿದ್ದರು, ಒಬ್ಬರಿಗೂ ತಿಳಿಯಲಿಲ್ಲ. ಮುಳುಗುವವರು ಕೂಗುವುದಿಲ್ಲ, ಕೈ ಬಡಿಯುವುದಿಲ್ಲ, ತಲೆ ಹಿಂದಕ್ಕೆ ವಾಲಿಸಿ ಬಾಯಿ ತೆರೆದು ಸುಮ್ಮನೆ ನಿಂತ ಹಾಗೆ ಕಾಣುತ್ತಾರೆ ಎಂದು ಅವರು ನಮಗೆ ಹತ್ತಾರು ಸಲ ಹೇಳಿದ್ದರು. ಅದಕ್ಕಾಗಿಯೇ ನಮ್ಮ ಕೆರೆಯಲ್ಲಿ 'ಜೋಡಿ' ಎಂಬ ಕಟ್ಟುಪಾಡು ಇತ್ತು. ನೀರಿಗಿಳಿಯುವ ಪ್ರತಿಯೊಬ್ಬರಿಗೂ ಒಬ್ಬರು ಜೋಡಿ. ಮಾಸ್ಟ್ರು ಯಾವ ಹೊತ್ತಿಗೆ ಬೇಕಾದರೂ ಸಣ್ಣಸಣ್ಣ ಸೀಟಿ ಊದುತ್ತಿದ್ದರು. ಊದಿದ ಕೂಡಲೇ ಮಾಡುತ್ತಿದ್ದ ಕೆಲಸ ಬಿಟ್ಟು ಜೋಡಿಯ ಕೈ ಹಿಡಿದು ಮೇಲಕ್ಕೆತ್ತಬೇಕು. ಅವರು ತಲೆಗಳನ್ನಲ್ಲ, ಎತ್ತಿದ ಕೈಗಳನ್ನು ಎಣಿಸುತ್ತಿದ್ದರು. ನಿದ್ದೆಯಲ್ಲಿ ಸೀಟಿ ಕೇಳಿದರೂ ನಾವು ಪಕ್ಕದವರ ಕೈ ಹುಡುಕುತ್ತಿದ್ದೆವು ಎಂದರೆ ಉತ್ಪ್ರೇಕ್ಷೆಯಲ್ಲ. ಪಕ್ಕದಲ್ಲಿ ಮಲಗುತ್ತಿದ್ದ ನನ್ನ ತಂಗಿಯನ್ನು ಕೇಳಿ ನೋಡಬಹುದು.

ಈ ಅಭ್ಯಾಸದಿಂದಲೇ ನನ್ನ ಮೊದಲ ಜಿಲ್ಲಾ ಮೀಟ್‌ನಲ್ಲಿ ಮರ್ಯಾದೆ ಹೋಯಿತು. ನಾನಾಗ ಎಂಟನೆಯ ತರಗತಿ. ಸ್ಪರ್ಧೆ ನಡೆದದ್ದು ಪಟ್ಟಣದ ಕಡೆಯ ಒಂದು ದೊಡ್ಡ ಕೆರೆಯಲ್ಲಿ. ಖಾಲಿ ಪ್ಲಾಸ್ಟಿಕ್ ಬಾಟಲಿ ಪೋಣಿಸಿದ ಹಗ್ಗ ಎಳೆದು ಆರು ದಾರಿ ಮಾಡಿದ್ದರು. ದಡದಲ್ಲಿ ಹಲಗೆ ಹಾಕಿ, ಅದರ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಈಜು ಸ್ಪರ್ಧೆಯಲ್ಲಿ ಹೊರಡುವ ಮೊದಲು ಸಿದ್ಧರಾಗಿ ಎಂಬುದಕ್ಕೆ ಸಣ್ಣಸಣ್ಣ ಸೀಟಿ ಊದುತ್ತಾರೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಸೀಟಿ ಕೇಳಿದ್ದೇ ತಡ, ನಾನು ಎಡಗಡೆಯಲ್ಲಿ ನಿಂತಿದ್ದ ಅಪರಿಚಿತ ಹುಡುಗಿಯ ಕೈ ಗಪ್ಪನೆ ಹಿಡಿದು ಮೇಲಕ್ಕೆತ್ತಿದೆ. ನಮ್ಮ ಶಾಲೆಯ ಇನ್ನೊಬ್ಬಳು ಆ ಕೊನೆಯಲ್ಲಿ ಇನ್ಯಾರದೋ ಕೈ ಎತ್ತಿದ್ದಳು. ಕೆರೆಯ ನಾಲ್ಕೂ ಕಡೆ ನಗುವೋ ನಗು. ಸ್ಪರ್ಧೆಗೆ ಮೊದಲೇ ಗೆದ್ದವರನ್ನು ಘೋಷಿಸಿದರಾ ಎಂದು ಯಾರೋ ಕೇಳಿದರು.

ಆ ಹುಡುಗಿ ಮಾತ್ರ ಕೈ ಬಿಡಿಸಿಕೊಳ್ಳಲಿಲ್ಲ. ಎಂತ, ಹೆದರಿಕೆ ಆಗ್ತದಾ ಎಂದು ಮೆಲ್ಲಗೆ ಕೇಳಿದಳು. ಅವಳ ಹೆಸರು ಸೌಮ್ಯ, ಕಡಲ ದಡದ ಮೀನುಗಾರರ ಮನೆಯವಳು. ಅಂದು ಅವಳು ಮೊದಲಿಗಳಾದಳು, ನಾನು ಕೊನೆಯವಳು. ಆಮೇಲೆ ವರ್ಷಕ್ಕೆರಡು ಮೀಟ್‌ಗಳಲ್ಲಿ ಸಿಗುತ್ತಿದ್ದೆವು. ಅವಳ ಅಮ್ಮ ಕಟ್ಟಿಕೊಟ್ಟ ಅವಲಕ್ಕಿಯನ್ನು ಇಬ್ಬರೂ ತಿಂದಿದ್ದುಂಟು.

ಮೀಟ್ ಎಂದರೆ ಬಹುಪಾಲು ಕಾಯುವುದು. ಈಜುವುದು ಎರಡು ಮೂರು ನಿಮಿಷ, ಕಾಯುವುದು ಇಡೀ ದಿನ. ಬೆಳಿಗ್ಗೆ ತೋಳಿನ ಮೇಲೆ ಪೆನ್ನಿನಿಂದ ಸಂಖ್ಯೆ ಬರೆಯುತ್ತಾರೆ. ಅದು ಮೂರು ದಿನ ಅಳಿಯುವುದಿಲ್ಲ. ಒದ್ದೆ ಟವೆಲು ಹೊದ್ದು ನಡುಗುತ್ತ ಕೂತಿರುವಾಗ ಮೈಕಿನಲ್ಲಿ ಯಾರದೋ ಹೆಸರು ಕರೆದರೂ ಎದ್ದು ನಿಂತುಬಿಡುತ್ತೇವೆ. ಪಕ್ಕದಲ್ಲಿ ಕೂತವಳ ಹೆಗಲಿನ ಅಗಲ ನೋಡುತ್ತೇವೆ, ಬೆರಳಿನ ಉದ್ದ ನೋಡುತ್ತೇವೆ, ಅವಳು ಕೆಮ್ಮಿದರೆ ಒಳಗೊಳಗೇ ಸಣ್ಣ ಸಂತೋಷವಾಗುತ್ತದೆ. ಹೊರಗೆ ನಗುತ್ತ ಬಾಳೆಹಣ್ಣು ಹಂಚಿಕೊಂಡು ತಿನ್ನುತ್ತೇವೆ. ಒಂದು ಇಡೀ ಸೀಸನ್ ಹೀಗೆ ಕಳೆದರೆ ಮನುಷ್ಯ ಎಂಥವನಾಗುತ್ತಾನೆ ಎಂಬುದನ್ನು ಯಾವ ದೈಹಿಕ ಶಿಕ್ಷಣದ ಪುಸ್ತಕದಲ್ಲೂ ನಾನು ಓದಿಲ್ಲ.

ಹತ್ತನೆಯ ತರಗತಿಯ ಆ ಸೀಸನ್‌ನಲ್ಲಿ ನಾನು ಎಂಥವಳಾಗಿದ್ದೆ ಎಂಬುದನ್ನೇ ಈಗ ಹೇಳಬೇಕಾಗಿದೆ. ಇನ್ನೂರು ಮೀಟರಿನಲ್ಲಿ ಜಿಲ್ಲೆಯಿಂದ ಮೊದಲ ಇಬ್ಬರಿಗೆ ರಾಜ್ಯ ಮೀಟ್‌ಗೆ ಹೋಗುವ ಅವಕಾಶ. ಹಿಂದಿನ ವರ್ಷ ನಾನು ಮೂರನೆಯವಳು. ಎರಡನೆಯವಳು ಸೌಮ್ಯ. ಮಳೆಗಾಲ ಮುಗಿದದ್ದೇ ನಾನು ಬೆಳಿಗ್ಗೆ ಸಂಜೆ ಕೆರೆಯಲ್ಲಿದ್ದೆ. ಮಾಸ್ಟ್ರು ನನಗೆ ಎಡಕ್ಕೆ ಮುಖ ತಿರುಗಿಸಿ ಉಸಿರು ತೆಗೆಯುವುದನ್ನು ಎರಡು ವರ್ಷ ತಿದ್ದಿತಿದ್ದಿ ಕಲಿಸಿದ್ದರು. ವೇಗದ ಹುಚ್ಚಿಲ್ಲದ ಅವರು ಕೂಡ ಆ ವರ್ಷ ಎಲ್ಲಿಂದಲೋ ಒಂದು ಸ್ಟಾಪ್‌ವಾಚ್ ತಂದು ಕುತ್ತಿಗೆಗೆ ಹಾಕಿಕೊಂಡಿದ್ದರು. ನಾನು ದಡ ಮುಟ್ಟಿ ತಿರುಗುವ ಪ್ರತಿ ತಿರುವಿನ ಸಮಯ ನೋಡಿ ತಲೆಯಾಡಿಸುತ್ತಿದ್ದರು. ನಮ್ಮ ಶಾಲೆಯಿಂದ ಅದುವರೆಗೆ ಯಾರೂ ರಾಜ್ಯ ಮೀಟ್‌ಗೆ ಹೋಗಿರಲಿಲ್ಲ.

ಸ್ಪರ್ಧೆ ಅದೇ ಪಟ್ಟಣದ ಕೆರೆಯಲ್ಲಿ. ಸಣ್ಣ ಸೀಟಿಗಳು ಕೇಳಿದಾಗ ಸೌಮ್ಯ ನನ್ನ ಕಡೆ ನೋಡಿ ನಕ್ಕಳು. ನಾನು ನಗಲಿಲ್ಲ, ಅಷ್ಟು ಹೊತ್ತಿಗೆ ನಾನು ಕಲಿತವಳಾಗಿದ್ದೆ. ಕೆರೆಯನ್ನು ನಾಲ್ಕು ಸಲ ದಾಟಬೇಕು. ಹೋಗುವಾಗ ಅವಳು ನನ್ನ ಎಡಕ್ಕೆ, ಬರುವಾಗ ಬಲಕ್ಕೆ. ನೀರಿನೊಳಗೆ ನಿಶ್ಶಬ್ದ, ಉಸಿರಿಗೆ ಮುಖ ತಿರುಗಿಸಿದಾಗ ಮಾತ್ರ ದಡದ ಗದ್ದಲದ ಒಂದೊಂದು ತುಂಡು ಕೇಳುತ್ತಿತ್ತು. ಮೊದಲಿಗಳು ಬಹಳ ಮುಂದೆ ಹೋಗಿದ್ದಳು. ಸೌಮ್ಯ ನನಗಿಂತ ಮೂರು ನಾಲ್ಕು ಮಾರು ಮುಂದೆ. ಮೂರನೆಯ ಸಲ ದಾಟುತ್ತ ಆ ದಡಕ್ಕೆ ಹೋಗುವಾಗ, ಕೆರೆಯ ನಡುವಿನಲ್ಲಿ, ನಾನು ಅವಳನ್ನು ಸಮೀಪಿಸುತ್ತಿದ್ದೇನೆ ಎಂದು ಅನಿಸಿತು. ಉಸಿರಿಗೆ ಎಡಕ್ಕೆ ತಿರುಗಿದೆ. ಅವಳು ಈಜುತ್ತಿರಲಿಲ್ಲ. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ತೆರೆದಿತ್ತು, ಕಣ್ಣು ನನ್ನ ಕಡೆಗಿತ್ತು.

ನನಗೆ ಗೊತ್ತಾಗಲಿಲ್ಲ ಎಂದು ಹೇಳಲು ಬರುವುದಿಲ್ಲ. ಆ ಇಡೀ ಕೆರೆಯಲ್ಲಿ, ದಡದಲ್ಲಿ ಇದ್ದವರನ್ನೂ ಸೇರಿಸಿ, ಅದು ಏನೆಂದು ಸರಿಯಾಗಿ ಗೊತ್ತಿದ್ದವರು ಐತಪ್ಪ ಮಾಸ್ಟ್ರ ಶಾಲೆಯ ಮಕ್ಕಳಾದ ನಾವು ಮಾತ್ರ. ನನ್ನ ಮನಸ್ಸಿನಲ್ಲಿ ಆಗ ಬಂದದ್ದು ಒಂದೇ ಮಾತು: ಈಗ ನಾನು ಎರಡನೆಯವಳು. ಮತ್ತೊಂದು ಉಸಿರಿಗೆ ತಿರುಗಿದೆ, ಅವಳು ಅಲ್ಲೇ ಇದ್ದಳು, ಗಲ್ಲದವರೆಗೆ ನೀರು. ಮೂರನೆಯ ಉಸಿರಿಗೆ ತಿರುಗಿ ಅವಳನ್ನು ಕಂಡಾಗ ನಾನು ಅವಳನ್ನು ದಾಟಿದ್ದೆ. ಆಮೇಲೆ ಕೊನೆ ಮುಟ್ಟಿ ತಿರುಗಿದೆ. ಬರುವಾಗ ಅವಳಿದ್ದ ಬದಿ ಬಲಕ್ಕೆ, ನಾನು ಉಸಿರು ತೆಗೆದದ್ದು ಎಡಕ್ಕೆ. ಏನೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ನಾನು ಅದಕ್ಕಿಂತ ಮೊದಲೂ ಈಜಿರಲಿಲ್ಲ, ಆಮೇಲೂ ಈಜಿಲ್ಲ.

ದಡ ಮುಟ್ಟಿ ತಲೆ ಎತ್ತಿದಾಗ ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಮಾಸ್ಟ್ರು ಪ್ಯಾಂಟು ಶರ್ಟಿನಲ್ಲೇ ಕೆರೆಗೆ ಹಾರಿ ಸೌಮ್ಯಳನ್ನು ಎಳೆದು ತಂದಿದ್ದರು. ಅವಳು ಮೆಟ್ಟಿಲ ಮೇಲೆ ಬೋರಲಾಗಿ ಮಲಗಿ ನೀರು ಕಾರಿ ಅಳುತ್ತಿದ್ದಳು. ತೊಡೆಯ ಸ್ನಾಯು ಹಿಡಿದುಕೊಂಡಿತ್ತಂತೆ. ಕಡಲ ಬದಿಯವಳಿಗೆ ಕೆರೆಯಲ್ಲಿ ಹೀಗಾಯಿತಲ್ಲ ಎಂದು ಜನ ಸೋಜಿಗಪಟ್ಟರು. ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಮೈಕಿನಲ್ಲಿ ಎರಡನೆಯ ಸ್ಥಾನಕ್ಕೆ ನನ್ನ ಹೆಸರು ಕರೆದರು.

ಮಾಸ್ಟ್ರು ಶರ್ಟು ಹಿಂಡುತ್ತ ಕೂತಿದ್ದರು. ನಾನು ಹತ್ತಿರ ಹೋದಾಗ ತಲೆ ಎತ್ತದೆ ಕೇಳಿದರು.

"ವಿದ್ಯಾ, ನೀನು ಯಾವ ಬದಿಗೆ ಉಸಿರು ತೆಗೊಂಡದ್ದು?"

"ಬಲಕ್ಕೆ ಮಾಸ್ಟ್ರೇ" ಎಂದೆ.

ಎರಡು ವರ್ಷ ಎಡಕ್ಕೆ ಕಲಿಸಿದವರ ಮುಂದೆ ಹೇಳಿದ ಮಾತು ಅದು. ಅವರು, ಆಯ್ತು ಎಂದರು. ಬೈಯಲಿಲ್ಲ. ಆದರೆ ಸೋಮವಾರ ಕೆರೆಗೆ ಹೋದಾಗ, ಇನ್ನು ಮೇಲೆ ಬಲಕ್ಕೇ ಉಸಿರು ತೆಗೆ ಎಂದರು. ರಾಜ್ಯ ಮೀಟ್‌ಗೆ ಮೂರು ವಾರ ಇರುವಾಗ ಕಲಿತದ್ದನ್ನೆಲ್ಲ ತಲೆಕೆಳಗು ಮಾಡಿದರು. ನಾನು ದಿನಾ ಕೊಡದಷ್ಟು ನೀರು ಕುಡಿದೆ. ರಾಜ್ಯ ಮೀಟ್‌ನಲ್ಲಿ, ಜೀವಮಾನದಲ್ಲಿ ಮೊದಲ ಸಲ ನಿಜವಾದ ಈಜುಕೊಳ ಕಂಡು, ಬಲಕ್ಕೆ ತಿರುಗಿ ತಿರುಗಿ ಕೆಮ್ಮುತ್ತ ಎಲ್ಲರಿಗಿಂತ ಕೊನೆಗೆ ಬಂದೆ. ಅದು ಶಿಕ್ಷೆಯೆಂದು ತಿಳಿದೆ. ಶಿಕ್ಷೆ ಸಿಕ್ಕಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಇಂದಿಗೂ ನಾನು ಬಲಕ್ಕೇ ಉಸಿರು ತೆಗೆಯುವುದು.

ಹದಿನೆಂಟು ವರ್ಷ ಹೀಗೆ ಕಳೆಯಿತು. ಈ ಸಲ ನಮ್ಮ ಉಪಜಿಲ್ಲೆಯ ಮಕ್ಕಳ ಈಜು ನಡೆದಾಗ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು ದಡದಲ್ಲಿ ನಿಲ್ಲಿಸಿದರು. ಇಷ್ಟು ವರ್ಷ ಸ್ಪರ್ಧೆಯನ್ನು ನಾನು ನೀರೊಳಗಿನಿಂದ ಮಾತ್ರ ಕಂಡವಳು. ಮೇಲೆ ನಿಂತು ನೋಡಿದಾಗ ಆಶ್ಚರ್ಯವಾಯಿತು. ಯಾರು ಎಷ್ಟು ಕೈ ಬೀಸಿದರು, ಯಾರ ಕಾಲು ಸೋಲುತ್ತಿದೆ, ಯಾರು ಯಾವ ಬದಿಗೆ ಮುಖ ತಿರುಗಿಸಿದರು, ಎಲ್ಲವೂ ಅಂಗೈ ಮೇಲೆ ಇಟ್ಟ ಹಾಗೆ ಕಾಣುತ್ತಿತ್ತು. ಅಂದು ಮಾಸ್ಟ್ರಿಗೂ ನನ್ನ ಮೂರು ಉಸಿರೂ ಹೀಗೇ ಕಂಡಿರಬೇಕು ಎಂದು ಹೊಳೆದಾಗ ವಾಚ್ ಒತ್ತುವುದನ್ನೇ ಮರೆತೆ. ನಾನು ಹೇಳಿದ್ದು ಸುಳ್ಳೆಂದು ಅವರು ಊಹಿಸಿರಬಹುದು ಎಂದಷ್ಟೇ ತಿಳಿದಿದ್ದೆ. ಊಹೆಯಲ್ಲ, ಅವರು ನೋಡಿದ್ದರು.

ಮುಂದಿನ ಭಾನುವಾರ ಬೆಳಿಗ್ಗೆ ಎಡನೀರು ಊರಿನ ಹತ್ತಿರ ಇರುವ ಮಾಸ್ಟ್ರ ಮನೆಗೆ ಹೋದೆ. ನಿವೃತ್ತರಾಗಿ ಬಹಳ ವರ್ಷವಾದರೂ ಗಟ್ಟಿಮುಟ್ಟಾಗಿದ್ದರು. ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಕೊಟ್ಟ ಚಹಾ ಆರುವವರೆಗೆ ನಾನು ಶಾಲೆಯ ವಿಷಯ, ಮಳೆಯ ವಿಷಯ, ಮೊಣಕಾಲಿನ ವಿಷಯ ಎಲ್ಲ ಮಾತಾಡಿದೆ. ಕೊನೆಗೆ ಹೇಳಿದೆ. ಎಡಕ್ಕೇ ಉಸಿರು ತೆಗೆದದ್ದು, ಸೌಮ್ಯಳನ್ನು ನೋಡಿದ್ದು, ಒಂದಲ್ಲ ಮೂರು ಸಲ ನೋಡಿದ್ದು, ಎರಡನೆಯ ಸ್ಥಾನದ ಆಸೆಗೆ ಮುಂದೆ ಹೋದದ್ದು. ನಿಮಗೆ ಗೊತ್ತಿತ್ತು, ಆದರೂ ನೀವು ಬೈಯದೆ ಬಿಟ್ಟಿರಿ ಎಂದೆ.

ಮಾಸ್ಟ್ರು ಪೇಪರ್ ಮಡಚಿ ಪಕ್ಕಕ್ಕೆ ಇಟ್ಟರು. ಹಿತವಾದ ಒಂದು ಮಾತು ಹೇಳುತ್ತಾರೆ ಎಂದು ನಾನು ಕಾದೆ. ಚಿಕ್ಕವಳಲ್ಲವಾ ನೀನು ಆಗ, ಎಂಬಂಥದ್ದು. ನಿಜ ಹೇಳಬೇಕೆಂದರೆ ಅದನ್ನು ಕೇಳಿಸಿಕೊಳ್ಳುವುದಕ್ಕೇ ನಾನು ಹೋದದ್ದು.

"ನೀನು ನೋಡುವ ಮೊದಲೇ ನಾನು ನೋಡಿದ್ದೆ" ಎಂದರು. "ಅವಳ ಕೈ ನಿಂತದ್ದೇ ನನಗೆ ಗೊತ್ತಾಯ್ತು. ಆದರೆ ನೀನು ಆ ಬದಿ ಮುಟ್ಟುದಕ್ಕೆ ಸ್ವಲ್ಪವೇ ಇತ್ತು. ಆ ತಿರುವಿನ ಟೈಮ್ ಒಂದು ಸಿಕ್ಕಲಿ ಅಂತ ನಿಂತೆ. ನೀನು ಮುಟ್ಟಿದೆ, ನಾನು ವಾಚ್ ಒತ್ತಿದೆ. ಆಮೇಲೆ ಹಾರಿದ್ದು."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೆರೆಯ ನಡುವಿನಿಂದ ಆ ಕೊನೆಯವರೆಗೆ ಈಜಲು ನನಗೆ ಇಪ್ಪತ್ತು ಸೆಕೆಂಡಾದರೂ ಬೇಕಿತ್ತು.

"ಯಾವ ಬದಿಗೆ ಉಸಿರು ತೆಗೊಂಡದ್ದು ಅಂತ ನಿನ್ನನ್ನು ಪರೀಕ್ಷೆ ಮಾಡ್ಲಿಕ್ಕೆ ಕೇಳಿದ್ದಲ್ಲ ಮಾರಾಯ್ತಿ. ನೀನು ಅವಳನ್ನು ನೋಡಿದ್ದರೆ, ನಾನು ಸುಮ್ಮನೆ ನಿಂತದ್ದಕ್ಕೆ ಒಂದು ಸಾಕ್ಷಿ ಉಂಟು ಅಂತ ಹೆದರಿ ಕೇಳಿದ್ದು. ನೀನು ಬಲಕ್ಕೆ ಅಂದೆ. ಸುಳ್ಳು ಅಂತ ಗೊತ್ತಿತ್ತು, ಆದರೂ ಅದೇ ಸಾಕಾಯ್ತು ನನಗೆ."

ನನ್ನನ್ನು ಬಲಕ್ಕೆ ಈಜಿಸಿದ್ದು ಶಿಕ್ಷೆಯಲ್ಲ. ನನ್ನ ಸುಳ್ಳನ್ನು ಅವರು ದಿನಾ ಬೆಳಿಗ್ಗೆ ಸಂಜೆ ನಿಜ ಮಾಡಿಸುತ್ತಿದ್ದರು, ತಮಗಾಗಿ. ಇಡೀ ಊರಿನ ಮಕ್ಕಳಿಗೆ ತೇಲಲು ಕಲಿಸಿದ ಮನುಷ್ಯ, ಎತ್ತಿದ ಕೈಗಳನ್ನು ಎಣಿಸದೆ ಎಂದೂ ಮನೆಗೆ ಹೋಗದವರು. ನನಗೆ ಅವರ ಮೇಲೆ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗಿಲ್ಲ ಎಂಬುದೂ ಒಟ್ಟಿಗೇ ನೆನಪಾಯಿತು. ಎರಡೂ ಸೇರಿ ಅಳು ಬಂತು. ಅವರೂ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.

ಆಮೇಲೆ ಅವರು, ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಕೇಳಿದರು. ನಿಮಗೆ ಗೊತ್ತಿರಬಹುದು ಎಂದುಕೊಂಡಿದ್ದೆ ಎಂದೆ ನಾನು. ಇಬ್ಬರಿಗೂ ಗೊತ್ತಿರಲಿಲ್ಲ. ಆ ದಿನದ ಬಳಿಕ ಅವಳು ಯಾವ ಮೀಟ್‌ಗೂ ಬಂದಿರಲಿಲ್ಲ. ಹದಿನೆಂಟು ವರ್ಷ ನಾನು ನನ್ನ ಪಾಪವನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಿದ್ದೆ, ಅವರು ಅವರದನ್ನು. ಅವಳು ಹೇಗಿದ್ದಾಳೆ ಎಂದು ಒಂದು ಸಲ ವಿಚಾರಿಸಬೇಕೆಂದು ಇಬ್ಬರಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಪಶ್ಚಾತ್ತಾಪ ಪಡುವವರಿಗೆ ಪುರುಸೊತ್ತು ಎಷ್ಟು ಕಡಿಮೆ ಎಂಬುದು ನನಗೆ ತಿಳಿದದ್ದು ಆಗ.

ಮಾಸ್ಟ್ರು ಕಡಲ ಬದಿಯ ಶಾಲೆಯಲ್ಲಿದ್ದ ತಮ್ಮ ಹಳೆಯ ಸ್ನೇಹಿತರಿಗೆ ಫೋನು ಮಾಡಿದರು. ಅವರು ಇನ್ನೊಬ್ಬರಿಗೆ ಮಾಡಿ ಹೇಳುತ್ತೇನೆಂದರು. ನಾವು ಅವರ ಮನೆಯಲ್ಲೇ ಊಟ ಮುಗಿಸುವ ಹೊತ್ತಿಗೆ ನಂಬರು ಬಂತು. ನೀನು ಮಾಡು ಎಂದು ಅವರು, ನೀವು ದೊಡ್ಡವರು ನೀವೇ ಮಾಡಿ ಎಂದು ನಾನು. ಚಳಿಯ ಬೆಳಿಗ್ಗೆ ಕೆರೆಯ ಮೆಟ್ಟಿಲಲ್ಲಿ ನಿಂತು ಮೊದಲು ಯಾರು ಇಳಿಯುವುದೆಂದು ಜಗಳಾಡುವ ಮಕ್ಕಳ ಹಾಗೆ ಸ್ವಲ್ಪ ಹೊತ್ತು ಕಳೆಯಿತು. ಕೊನೆಗೆ ನಾನೇ ಮಾಡಿದೆ.

ಆ ಕಡೆ ಮಿಕ್ಸಿಯ ಸದ್ದು ನಿಂತಿತು. ಯಾರು ಎಂದಳು. ನನ್ನ ಹೆಸರು ಅವಳಿಗೆ ನೆನಪಿರಲಾರದು ಎಂದು, ಅಂದು ಕೆರೆಯಲ್ಲಿ ನಿಮ್ಮ ಪಕ್ಕದಲ್ಲಿ ಈಜುತ್ತಿದ್ದವಳು ಎಂದೆ.

"ನೀವು ನನ್ನನ್ನು ನೋಡಿದ್ರಿ ಅಲ್ವಾ?" ಎಂದು ಕೇಳಿದಳು.

"ಹೌದು. ನೋಡಿದೆ."

"ಮೂರು ಸಲ?"

"ಮೂರು ಸಲ."

ಅವಳು ಉದ್ದವಾದ ಒಂದು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಅದಕ್ಕೆ ಕಾಯಲಿಲ್ಲ. ಇಷ್ಟು ವರ್ಷವೂ ಮನೆಯವರು, ಅದು ನಿನಗೆ ಹಾಗೆ ತೋರಿದ್ದು, ಕಣ್ಣೆದುರು ಒಬ್ಬಳು ಮುಳುಗುವಾಗ ಯಾರೂ ಹಾಗೆ ನೋಡಿಕೊಂಡು ಹೋಗುವುದಿಲ್ಲ ಎನ್ನುತ್ತಿದ್ದರಂತೆ. ಕೇಳಿ ಕೇಳಿ ತನಗೂ ತನ್ನ ತಲೆಯ ಮೇಲೇ ಸಂಶಯ ಬಂದಿತ್ತಂತೆ. ಯಾವುದಾದರೂ ವಿಷಯ ಗಟ್ಟಿಯಾಗಿ ಹೇಳಲು ಹೋದಾಗಲೆಲ್ಲ, ಇವಳದ್ದು ಕೆರೆಯ ಕಥೆ ಎಂದು ಗಂಡ ತಮಾಷೆ ಮಾಡುತ್ತಾನಂತೆ. ಇವತ್ತು ನಮ್ಮವರು ಮನೆಗೆ ಬರಲಿ, ಹೇಳುತ್ತೇನೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನನ್ನು ಕ್ಷಮಿಸಿದ ಸುಳಿವೂ ಇರಲಿಲ್ಲ. ನನ್ನ ಭಾರ ಇಳಿಸಿಕೊಳ್ಳಲು ನಾನು ಹೇಳಿದ ಮಾತು ಅವಳಿಗೆ ಸೇರಬೇಕಾಗಿದ್ದ ವಸ್ತುವಾಗಿತ್ತು. ನಾನು ಅದನ್ನು ಇಷ್ಟು ದಿನ ಇಟ್ಟುಕೊಂಡಿದ್ದೆ.

ಇನ್ನು ಫೋನು ಇಡುತ್ತಾಳೆ ಎನ್ನುವಾಗ, ನನ್ನನ್ನು ಮೇಲೆ ತಂದ ಮಾಸ್ಟ್ರು ಈಗಲೂ ಇದ್ದಾರಾ, ಅವರಿಗೆ ಒಂದು ಸಲ ಥ್ಯಾಂಕ್ಸ್ ಹೇಳಬೇಕಿತ್ತು ಎಂದಳು. ನಾನು ಮಾಸ್ಟ್ರ ಮುಖ ನೋಡಿದೆ. ಅವರಿಗೆ ಕೇಳಿಸಿತ್ತು. ಇಲ್ಲೇ ಇದ್ದಾರೆ, ಅವರಿಗೂ ನಿಮ್ಮ ಹತ್ತಿರ ಹೇಳಲಿಕ್ಕಿದೆ ಎಂದು ಹೇಳಿ ಫೋನು ಚಾಚಿದೆ. ಮಾಸ್ಟ್ರು ಕುರ್ಚಿಯಿಂದ ಎದ್ದು ನಿಂತು, ಎರಡು ಕೈಯಲ್ಲೂ ಅದನ್ನು ತೆಗೆದುಕೊಂಡರು.